ಅತ್ತೆಯ ಕನ್ನಡಿಗೆ ನಾನು ಹಾಕಿದ ಕಲಾಯಿ

ಗಾಳಿಯನ್ನೆಲ್ಲ ಹೀರಿ ತೆಗೆದ ಗಾಜಿನ ಗಂಟೆಯೊಳಗೆ ಅಲ್ಯೂಮಿನಿಯಂ ತಂತಿಯ ಚೂರನ್ನು ಕಾಯಿಸಿದರೆ ಅದು ಆವಿಯಾಗಿ ಎದುರಿಗಿಟ್ಟ ಗಾಜಿನ ಮೇಲೆ ಕೂದಲಿಗಿಂತ ತೆಳ್ಳಗೆ ಕೂರುತ್ತದೆ. ಗಾಜು ಕನ್ನಡಿಯಾಗುತ್ತದೆ. ಇದಿಷ್ಟೂ ನನಗೆ ಕಂಠಪಾಠ. ತಿಪಟೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಇದರ ಚಿತ್ರ ಬರೆಯುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟ, ಇದೇ ಕೆಲಸದ ಯಂತ್ರವೊಂದು ನಮ್ಮ ಲ್ಯಾಬಿಗೆ ಬಂದಾಗ ಊರಲ್ಲಿ ನನ್ನಷ್ಟು ಬೀಗಿದವರಿರಲಿಲ್ಲ.

ಅದೇ ವರ್ಷದ ಮಾರ್ಗಶಿರದಲ್ಲಿ ನನ್ನ ಹೆಂಡತಿ ಗಿರಿಜೆಯ ತಂಗಿ ಶಾಂತಳ ಮದುವೆ. ಅವರ ಮನೆಯ ಮದುವೆಗಳಲ್ಲೆಲ್ಲ ಕಳಸದ ಜೊತೆ ಹಿಡಿಯುತ್ತಿದ್ದದ್ದು ನನ್ನ ಅತ್ತೆಯ ಕನ್ನಡಿ. ಅಂಗೈ ಅಗಲದ್ದು, ಹಿತ್ತಾಳೆಯ ಕಟ್ಟಿನದು. ಅತ್ತೆ ಹಿಂದಿನ ವರ್ಷ ತೀರಿಕೊಂಡಿದ್ದರು. ಕನ್ನಡಿಯ ಬೆಳ್ಳಿಯೂ ಅರ್ಧಕ್ಕರ್ಧ ಉದುರಿತ್ತು.

"ಅಮ್ಮ ಅಂತೂ ಇಲ್ಲ. ಅವಳ ಕನ್ನಡಿನಾದ್ರೂ ಶಾಂತನ ಮುಂದೆ ಇರ್ಲಿ ಅಂತ ಆಸೆ ಕಣ್ರೀ," ಎಂದಳು ಗಿರಿಜೆ. ಪೇಟೆಯಲ್ಲಿ ಇದಕ್ಕೆ ಕಲಾಯಿ ಹಾಕುವವರು ಯಾರಾದರೂ ಇದ್ದಾರೆಯೇ ವಿಚಾರಿಸಿ ಎಂದೂ ಸೇರಿಸಿದಳು.

ನನಗೆ ರೇಗಿತು. ಎಂ.ಎಸ್ಸಿ. ಮಾಡಿದ ಗಂಡನನ್ನು ಮನೆಯಲ್ಲಿಟ್ಟುಕೊಂಡು ಪೇಟೆಯಲ್ಲಿ ಕಲಾಯಿಯವನನ್ನು ಹುಡುಕುವುದೇ! ಕನ್ನಡಿಯನ್ನು ಕಿತ್ತುಕೊಂಡವನೇ, ನಾಳೆ ಇದರಲ್ಲಿ ನಿನ್ನ ರೆಪ್ಪೆಯ ಕೂದಲು ಎಣಿಸಿಕೋ ಎಂದು ಘೋಷಿಸಿ ಲ್ಯಾಬಿಗೆ ನಡೆದೆ.

ಮೊದಲು ಆಸಿಡ್ ಹಾಕಿ ಹಳೆಯ ಬೆಳ್ಳಿಯನ್ನೆಲ್ಲ ತೊಳೆದೆ. ಈ ಕೆಲಸ ಮಾತ್ರ ಬಹಳ ಅಚ್ಚುಕಟ್ಟಾಗಿ ಆಯಿತು. ಕೆಡಿಸುವುದರಲ್ಲಿ ನನ್ನ ಕೈ ಮೊದಲಿಂದಲೂ ಪಳಗಿದ್ದು. ಯಂತ್ರ ಸರಿಯಾಗಿದೆಯೇ ಎಂದು ನೋಡಿದ್ದು ಆಮೇಲೆ. ಗಾಳಿ ಹೀರುವ ಪಂಪಿನಲ್ಲಿ ಎಣ್ಣೆ ತಳ ಮುಟ್ಟಿತ್ತು. ಅದಕ್ಕೆಂದೇ ಇರುವ ಎಣ್ಣೆ ಬೆಂಗಳೂರಿನಿಂದ ಬರಬೇಕು, ಬರೆದು ತರಿಸುವುದಕ್ಕೆ ತಿಂಗಳು ಬೇಕು. ಮದುವೆ ನಾಡಿದ್ದು!

ಕಿಟಕಿಯಾಚೆ ನೋಡಿದೆ. ಕಣ್ಣು ಹಾಯುವಷ್ಟು ದೂರ ತೆಂಗಿನ ತೋಟ. ನಮ್ಮ ಸೀಮೆಯಲ್ಲಿ ತಲೆಗೂ ಅದೇ ಎಣ್ಣೆ, ಸುಟ್ಟ ಗಾಯಕ್ಕೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಪಂಪು ಏನು ಪಾಪ ಮಾಡಿತ್ತು? ಅಟೆಂಡರ್ ಸಿದ್ದಪ್ಪನನ್ನು ಗಾಣಕ್ಕೆ ಓಡಿಸಿದೆ. ಆತ ಕ್ಯಾನು ತಂದು ಇಟ್ಟು ತಲೆ ಕೆರೆದುಕೊಂಡ. "ಮಿಷನ್ಗೆ ಕೊಬ್ರಿ ಎಣ್ಣೆ ಆಯ್ತದಾ ಸಾ?" ನಾನು ಅವನಿಗೆ ಘರ್ಷಣೆಯ ಬಗ್ಗೆ ಕಾಲು ಗಂಟೆ ಪಾಠ ಮಾಡಿ ಬಾಯಿ ಮುಚ್ಚಿಸಿದೆ.

ಪಂಪು ಓಡಿತು! ಒತ್ತಡದ ಮುಳ್ಳು ವಿಧೇಯವಾಗಿ ಇಳಿಯತೊಡಗಿತು. ಇನ್ನೇನು ಬೇಕಾದಷ್ಟು ಇಳಿಯಿತು ಅನ್ನುವಾಗ ಕರೆಂಟು ಹೋಯಿತು. ಸಂಜೆಯವರೆಗೂ ಬರಲಿಲ್ಲ. ನಾಳೆ ಬೆಳಿಗ್ಗೆ ಮುಗಿಸಿದರಾಯಿತು ಎಂದು ಹಾಡು ಗುನುಗುತ್ತಾ ಮನೆಗೆ ಹೋದೆ.

ಬೆಳಿಗ್ಗೆ ಒಳ್ಳೆ ಚಳಿ. ಸ್ವಿಚ್ಚು ಹಾಕಿದೆ. ಪಂಪು ಒಮ್ಮೆ ಮುಲುಗಿ ಸುಮ್ಮನಾಯಿತು. ಸಿದ್ದಪ್ಪ ಮುಚ್ಚಳ ಬಿಚ್ಚಿ ಕಡ್ಡಿ ಆಡಿಸಿದ. ಒಳಗೆ ಬೆಳ್ಳಗೆ, ಬೆಣ್ಣೆಯಂತೆ.

"ಗಟ್ಟಿಯಾಗೈತೆ ಸಾ," ಎಂದ. ಅಷ್ಟೇ ಅಂದ, ದೊಡ್ಡ ಮನುಷ್ಯ.

ಹುಟ್ಟಿದಾಗಿನಿಂದ ಚಳಿಗಾಲದ ಪ್ರತಿ ಬೆಳಿಗ್ಗೆ ಎಣ್ಣೆ ಬಾಟಲಿಯನ್ನು ಬಚ್ಚಲೊಲೆಯ ಬಳಿ ಹಿಡಿದು ಕರಗಿಸಿ ತಲೆ ಬಾಚಿಕೊಂಡವನು ನಾನು. ಅವತ್ತು ಬೆಳಿಗ್ಗೆಯೂ ಅದನ್ನೇ ಮಾಡಿ ಬಂದಿದ್ದೆ! ಆ ತಲೆಯ ಮೇಲೆ ಎಣ್ಣೆಯಿತ್ತು, ಒಳಗೆ ಏನೂ ಇರಲಿಲ್ಲ.

ಸಿದ್ದಪ್ಪ ಅಗ್ಗಿಷ್ಟಿಕೆಯಲ್ಲಿ ಕರಟದ ಕೆಂಡ ಮಾಡಿ ಪಂಪಿನ ಪಕ್ಕದಲ್ಲಿಟ್ಟ. ಎಣ್ಣೆ ಕರಗಿತು, ಪಂಪು ಗುಡುಗಿತು, ಅದರ ಬಾಯಿಂದ ಬಿಸಿ ಎಣ್ಣೆಯ ಹೊಗೆ ವರಾಂಡವನ್ನೆಲ್ಲ ತುಂಬಿತು. ಪ್ರಿನ್ಸಿಪಾಲರು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತು, ಲ್ಯಾಬಿನಲ್ಲಿ ಇವತ್ತು ಯಾರಿಗೆ ಎಣ್ಣೆಸ್ನಾನ ಎಂದು ವಿಚಾರಿಸಿ ಹೋದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ತಂತಿ ಕಾಯಿಸಿದೆ. ಬೆಳಕು ಛಕ್ಕೆಂದಿತು, ಗಾಜು ಮಿನುಗಿತು! ಸಿದ್ದಪ್ಪನ ಬೆನ್ನು ತಟ್ಟಿ, ಗಂಟೆ ಎತ್ತಿ, ಕನ್ನಡಿ ಕೈಗೆತ್ತಿಕೊಂಡೆ. ಎಲ್ಲಾ ಅಲ್ಯೂಮಿನಿಯಂ ನನ್ನ ಹೆಬ್ಬೆರಳಿಗೆ ಬಂತು. ಗಾಜಿನ ಮೇಲೆ ನಮಗಿಂತ ಮೊದಲೇ ಕೊಬ್ಬರಿ ಎಣ್ಣೆಯ ಆವಿ ಹೋಗಿ ಕೂತಿತ್ತು. ಒರೆಸಿದೆ. ಕೈಯಲ್ಲಿ ಉಳಿದದ್ದು ಬರೀ ಗಾಜು.

ಮನೆಯಲ್ಲಿ ಗಿರಿಜೆ ಅದನ್ನು ಎತ್ತಿ ಹಿಡಿದಳು. ಅದರೊಳಗಿಂದ ಆಚೆ ನಿಂತಿದ್ದ ನಾನು ಅವಳಿಗೆ ಸ್ಪಷ್ಟವಾಗಿ ಕಂಡೆ. ಅವಳ ಕಣ್ಣು ತುಂಬಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಏನು ಮಾಡಬೇಕೋ ತೋಚದೆ ನಾನು ಆವಿಯ ಒತ್ತಡದ ಬಗ್ಗೆ ವಿವರಿಸತೊಡಗಿದೆ.

"ಪಾಠ ಬ್ಯಾಡ, ಸುಮ್ನಿರಿ," ಎಂದಳು.

ಒಳಗೆ ಹೋಗಿ ಟ್ರಂಕಿನಿಂದ ಅವಳ ಅಮ್ಮನ ಸಣ್ಣ ಫೋಟೊ ತೆಗೆದಳು. ಅಂಚು ಕತ್ತರಿಸಿ, ಗಾಜಿನ ಹಿಂದಿಟ್ಟು, ಹಿತ್ತಾಳೆ ಕಟ್ಟು ಹಾಕಿದಳು.

"ಶಾಂತ ಅಮ್ಮನ್ನೇ ನೋಡ್ಲಿ ಬುಡಿ."

ಮರುದಿನ ಶಾಂತ ಅದನ್ನು ನೋಡಿದವಳೇ ಎದೆಗವುಚಿಕೊಂಡು ಅತ್ತಳು. ಎಷ್ಟು ಹೇಳಿದರೂ ಕೈಯಿಂದ ಬಿಡಲಿಲ್ಲ. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಇದು ಮೇಷ್ಟ್ರ ಕೈಕೆಲಸವಂತೆ, ಎಂಥಾ ಯೋಚನೆ ಮಾಡವ್ರೆ ಎಂದು ಬೀಗರ ಕಡೆಯ ಹಿರಿಯರೊಬ್ಬರು ನನ್ನ ಕೈ ಕುಲುಕಿದರು. ನಾನು ವಿನಯದಿಂದ ತಲೆ ತಗ್ಗಿಸಿ ಆ ಹೊಗಳಿಕೆಯನ್ನು ಇನ್ನೇನು ಒಪ್ಪಿಕೊಳ್ಳುವುದರಲ್ಲಿದ್ದೆ. ಗಿರಿಜೆ ಕಿವಿಯ ಬಳಿ ಬಂದಳು.

"ಕಳಸಕ್ಕೆ ಕನ್ನಡಿ ಬ್ಯಾಡ್ವಾ? ಪೇಟೆಗೆ ಓಡಿ."

ರೇಷ್ಮೆ ಪಂಚೆ ಎತ್ತಿ ಕಟ್ಟಿ ಬಳೆ ಅಂಗಡಿಗೆ ಓಡಿದೆ. ಅಂಗಡಿಯವನು ಒಂದು ಕನ್ನಡಿಯನ್ನು ಉಜ್ಜಿ ನನ್ನೆದುರು ಹಿಡಿದ, ಮುಖ ಚೆನ್ನಾಗಿ ಕಾಣುತ್ತದಾ ನೋಡಿ ಮೇಷ್ಟ್ರೇ ಎಂದ.

ನೋಡಿದೆ. ಬಹಳ ಚೆನ್ನಾಗಿ ಕಾಣುತ್ತಿತ್ತು. ಬೇಗ ಕಾಗದದಲ್ಲಿ ಸುತ್ತಿಕೊಡಪ್ಪ ಎಂದೆ.