ಮಗಳ ಸ್ವಭಾವಕ್ಕೆ ಒಂದು ಇಂಗ್ಲಿಷ್ ಶಬ್ದ

ತಡವಾಗಿ ಕಲಿತವರಲ್ಲಿ ಒಂದು ದೋಷವಿರುತ್ತದೆ. ಕಲಿತದ್ದನ್ನು ಎಲ್ಲಿಯಾದರೂ ಬಳಸದೆ ಬಿಡುವುದಿಲ್ಲ. ನಾನು ಹತ್ತನೆಯ ತರಗತಿ ಪಾಸಾದದ್ದು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಬೆಳಗಾವಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳ ಧೂಳು ಒರೆಸುತ್ತಿದ್ದೆ. ಈಗಲೂ ಅದನ್ನೇ ಒರೆಸುತ್ತೇನೆ, ಆದರೆ ಒರೆಸಿದ ಪುಸ್ತಕದ ಹೆಸರು ಓದಿ ಇಡುತ್ತೇನೆ. ಹೀಗೆ ಓದುತ್ತಾ ಹೋದವನಿಗೆ ಒಂದು ಇಂಗ್ಲಿಷ್-ಕನ್ನಡ ನಿಘಂಟು ಗಂಟುಬಿತ್ತು. ಅದನ್ನು ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು, ಒಂದು ತುತ್ತಿಗೆ ಒಂದು ಶಬ್ದದಂತೆ ನುಂಗುವುದು ನನ್ನ ಬಹುದಿನದ ಅಭ್ಯಾಸ. ಈ ಬರಹವನ್ನೂ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ. ನೀವು ಸ್ವಲ್ಪ ನಿಧಾನವಾಗಿ ಓದಿದರೆ ಇಬ್ಬರೂ ಕೂಡಿಯೇ ಕೊನೆ ಮುಟ್ಟುತ್ತೇವೆ.

ನಮ್ಮ ಕಡೆ ಹೆಣ್ಣು ನೋಡುವ ಮೊದಲು ಬಯೋಡಾಟಾ ನೋಡುತ್ತಾರೆ. ಎರಡೂ ಮನೆಯವರು ಕನ್ನಡದಲ್ಲಿ ಜಗಳಾಡುತ್ತಾರೆ, ಮರಾಠಿಯಲ್ಲಿ ರಾಜಿಯಾಗುತ್ತಾರೆ, ಆದರೆ ಬಯೋಡಾಟಾ ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ನನ್ನ ಮಗಳು ಸುಜಾತಾ ನೆಹರು ನಗರದ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆಯ ಕೆಲಸ ಮಾಡುತ್ತಾಳೆ. ಖಾನಾಪುರದ ಇಂದಿರಾಬಾಯಿಯವರ ಮಗ, ಹೈಸ್ಕೂಲಿನ ಗಣಿತದ ಮಾಸ್ತರ, ಅವನ ಫೋಟೋ ನಮ್ಮ ಮನೆಗೆ ಬಂದಿತ್ತು. ಬೇರೆ ಫೋಟೋಗಳನ್ನು ನೋಡಿದ ಕೂಡಲೇ ವಾಪಸು ಕೊಟ್ಟಿದ್ದ ಸುಜಾತಾ ಇದನ್ನು ಎರಡು ದಿನ ತನ್ನ ಪರ್ಸಿನಲ್ಲೇ ಇಟ್ಟುಕೊಂಡಿದ್ದಾಳೆ ಎಂದು ನನ್ನ ಹೆಂಡತಿ ಮೆಲ್ಲಗೆ ಹೇಳಿದಳು. ಅಷ್ಟಾದ ಮೇಲೆ ನಮ್ಮ ಕಡೆಯ ಬಯೋಡಾಟಾ ಸಾಧಾರಣವಾಗಿದ್ದರೆ ಹೇಗೆ?

ಹೆಸರು, ಎತ್ತರ, ಓದು ಎಲ್ಲ ಕುಟ್ಟಿ ಮುಗಿಸಿ ಸ್ವಭಾವದ ಸಾಲಿಗೆ ಬಂದು ನಿಂತೆ. ಎಲ್ಲರೂ ಹಾಕುವಂತೆ ಹೋಮ್ಲಿ ಎಂದು ಹಾಕಿ ಕೈತೊಳೆದುಕೊಳ್ಳಿರೆಂದು ಹೆಂಡತಿ ಹೇಳಿದಳು. ನಾನು ಕೇಳಲಿಲ್ಲ. ಸುಜಾತಾ ಮನೆಯಲ್ಲಿ ಹೆಚ್ಚು ಮಾತನಾಡುವವಳಲ್ಲ. ಕೇಳಿದರೆ ಹೂಂ, ಕೇಳದಿದ್ದರೆ ಅದೂ ಇಲ್ಲ. ಈ ಗಾಂಭೀರ್ಯಕ್ಕೆ ತಕ್ಕ ಶಬ್ದವೊಂದು ಬೇಕಿತ್ತು. ಶೈ ಎನ್ನೋಣವೆಂದರೆ ದಿನಕ್ಕೆ ನೂರು ಜನರ ಕೈ ಹಿಡಿದು ಸೂಜಿ ಚುಚ್ಚುವವಳಿಗೆ ನಾಚಿಕೆ ಎಲ್ಲಿಂದ ಬಂತು? ರಿಸರ್ವ್ಡ್ ಎನ್ನುವುದನ್ನು ಬಸ್ಸಿನ ಸೀಟಿನ ಮೇಲೆ ಓದಿ ಓದಿ ಬೇಸರವಾಗಿತ್ತು. ಹಾಗೇ ಹುಡುಕುತ್ತಿದ್ದಾಗ ಅಲೂಫ್ ಎಂಬ ಶಬ್ದ ಸಿಕ್ಕಿತು. ದೂರ ನಿಲ್ಲುವ, ಎಂದು ಅರ್ಥ ಕೊಟ್ಟಿದ್ದರು. ಓದಿದ ಕೂಡಲೇ ಮಳೆ ನಿಂತ ಮರುದಿನ ಜಾಂಬೋಟಿಯ ಕಡೆ ಕಾಣುವ ಗುಡ್ಡಗಳು ಕಣ್ಣ ಮುಂದೆ ಬಂದವು. ನೀಲಿ ನೀಲಿಯಾಗಿ, ಯಾರ ಗೊಡವೆಗೂ ಹೋಗದೆ, ದೂರ ನಿಂತಿರುತ್ತವೆ. ಗುಡ್ಡದಲ್ಲಿ ಯಾರಾದರೂ ಕುಂದು ಹುಡುಕುತ್ತಾರೆಯೇ? ಎಷ್ಟೋ ಹೊತ್ತು ಮನಸ್ಸಿನಲ್ಲೇ ಆ ಗುಡ್ಡಗಳನ್ನು ನೋಡುತ್ತಾ ಕುಳಿತೆ. ಆಮೇಲೆ ಆ ಶಬ್ದವನ್ನೇ ಕುಟ್ಟಿ ಕಳಿಸಿದೆ.

ಒಂದು ವಾರ ಹೋಯಿತು, ಎರಡಾಯಿತು, ಮೂರಾಯಿತು. ಖಾನಾಪುರದಿಂದ ಹೌದೂ ಇಲ್ಲ, ಅಲ್ಲವೂ ಇಲ್ಲ. ಸುಜಾತಾಳ ಹೂಂ ಕೂಡ ಕಡಿಮೆಯಾಯಿತು. ಉತ್ತರ ಬರುವ ಮೊದಲು ಹೆಣ್ಣಿನ ಕಡೆಯವರು ಗಂಡಿನ ಮನೆಯ ಹೊಸ್ತಿಲು ತುಳಿಯುವುದು ನಮ್ಮಲ್ಲಿ ಇಲ್ಲವೆಂದು ಹೆಂಡತಿ ತಡೆದಳು. ಆದರೂ ಒಂದು ರಜೆಯ ದಿನ ಬೆಳಿಗ್ಗೆ ಅನಗೋಳದ ನಮ್ಮ ಮನೆಯಿಂದ ಹೊರಟು ಖಾನಾಪುರದ ಬಸ್ಸು ಹತ್ತಿಬಿಟ್ಟೆ.

ಇಂದಿರಾಬಾಯಿಯವರು ಚಹಾ ಕೊಟ್ಟರು. ಮಾಸ್ತರ ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದವನು ನಮಸ್ಕಾರ ಹೇಳಿ ಮತ್ತೆ ತಲೆ ಬಗ್ಗಿಸಿದ. ಹವೆ, ಬಸ್ಸು, ಭತ್ತದ ನಾಟಿ ಎಲ್ಲ ಮುಗಿದ ಮೇಲೆ ಆಕೆ ನಾನು ಕಳಿಸಿದ ಕಾಗದವನ್ನೇ ತಂದು ನನ್ನ ಮುಂದೆ ಇಟ್ಟರು.

"ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಈ ಫೋಟೋ ನಿಮ್ಮ ಮಗಳದ ಹೌದಲ್ರಿ?"

"ಹೌದ್ರಿ."

"ಮತ್ತ ಈ ಸ್ವಭಾವ ಯಾರದ್ರಿ?"

ಅವರು ಬಯೋಡಾಟಾ ಬರುವ ಮೊದಲೇ ಸುಜಾತಾಳನ್ನು ನೋಡಿದ್ದರಂತೆ. ಸಕ್ಕರೆ ಕಾಯಿಲೆಯ ತಪಾಸಣೆಗೆ ನೆಹರು ನಗರಕ್ಕೆ ಹೋದಾಗ ರಕ್ತ ತೆಗೆದವಳು ಇವಳೇ. ಸೂಜಿ ಎಂದರೆ ಜೀವ ಹೋಗುವ ಇಂದಿರಾಬಾಯಿಯವರನ್ನು ಸೀರೆಯ ಅಂಚಿನಿಂದ ಹಿಡಿದು ಖಾನಾಪುರದ ಸಂತೆಯವರೆಗೆ ಮಾತನಾಡಿಸಿ ನಗಿಸಿದಳಂತೆ. ರಕ್ತ ಯಾವಾಗ ತೆಗೆದಳೋ ಗೊತ್ತೇ ಆಗಲಿಲ್ಲವಂತೆ. ಫೋಟೋ ನೋಡಿ ಖುಷಿಯಾಗಿ, ಸ್ವಭಾವದ ಸಾಲನ್ನು ಮಗನಿಂದ ಓದಿಸಿದರೆ, ಮಂದಿಯೊಳಗಿದ್ದೂ ಯಾರಿಗೂ ಸೇರದೆ, ತಾನು ಮೇಲಿನವಳೆಂಬಂತೆ ದೂರ ನಿಲ್ಲುವವಳು ಎಂದು ಅವನು ಅರ್ಥ ಹೇಳಿದನಂತೆ.

"ಹೊರಗ ಅಷ್ಟ ಮಾತಾಡೂ ಹುಡುಗಿ ಮನ್ಯಾಗ ಯಾಕ ದೂರ ನಿಂತಾಳ? ಏನರ ತ್ರಾಸ ಐತೇನೋ ಅಂತ ಚಿಂತಿ ಆತ್ರಿ. ಅದಕ್ಕ ಜವಾಬ ಕೊಡಾಕ ಮನಸ ಬರಲಿಲ್ಲ."

ತ್ರಾಸ ಏನೂ ಇಲ್ಲ ಎಂದೆ. ತ್ರಾಸ ಅವರೆದುರಿಗೇ ಕುರ್ಚಿಯ ಮೇಲೆ ಕಪ್ಪು-ಬಸಿ ಹಿಡಿದು ಕುಳಿತಿತ್ತು. ಕೊನೆಗೆ ತಟ್ಟೆಯ ಪಕ್ಕದ ನಿಘಂಟಿನ ಕಥೆಯನ್ನೂ, ಗುಡ್ಡದ ಕಥೆಯನ್ನೂ ಒಪ್ಪಿಸಿದೆ. ಇಂದಿರಾಬಾಯಿಯವರು ನಗಲಿಲ್ಲ. ಮಾಸ್ತರ ಮಾತ್ರ ಉತ್ತರಪತ್ರಿಕೆಯನ್ನು ಮುಖದ ತನಕ ಎತ್ತಿಕೊಂಡ.

"ಊಟದಾಗ ಅಪ್ಪ ಪುಸ್ತಕ ನೋಡ್ಕೋತ ಕುಂತ್ರ ಆಕಿ ಯಾರ ಕೂಡ ಮಾತಾಡಬೇಕ್ರಿ?" ಎಂದರು. ಆಮೇಲೆ, ಐತವಾರ ಬರುತ್ತೇವೆ, ಮನೆಯಲ್ಲಿ ಹೇಳಿರಿ ಎಂದರು.

ವಾಪಸು ಬರುವಾಗ ಕಿಟಕಿಯ ಸೀಟು ಸಿಕ್ಕಿತು. ಗಾಳಿಗೆ ಕಣ್ಣು ಮುಚ್ಚುತ್ತಾ ತೆಗೆಯುತ್ತಾ ದೂರ ಎನ್ನುವುದಕ್ಕೆ ನಿಘಂಟಿನಲ್ಲಿ ಓದಿದ್ದ ಇಂಗ್ಲಿಷ್ ಶಬ್ದಗಳನ್ನೆಲ್ಲ ದಾರಿಯುದ್ದಕ್ಕೂ ಒಂದೊಂದಾಗಿ ಇಳಿಸುತ್ತಾ ಬಂದೆ. ರಿಸರ್ವ್ಡ್ ಎಂದರೆ ಮುಚ್ಚಿದ ಬಾಗಿಲು. ಒಳಗೆ ಜನರಿದ್ದಾರೆ, ಬಡಿದರೆ ತೆಗೆಯುತ್ತಾರೆ. ಡಿಸ್ಟಂಟ್ ಎಂದರೆ ಬಾಗಿಲು ತೆಗೆದೇ ಇದೆ, ಬನ್ನಿ ಎಂದೂ ಅನ್ನುತ್ತಾರೆ, ಆದರೆ ಒಳಗೆ ಹೋದರೂ ಅವರನ್ನು ಮುಟ್ಟಿದಂತಾಗುವುದಿಲ್ಲ. ರಿಮೋಟ್ ಎಂದರೆ ಮಳೆಗಾಲದಲ್ಲಿ ಜಾಂಬೋಟಿಯಾಚೆಯ ಹಳ್ಳಿ, ಫೋನೂ ಹತ್ತುವುದಿಲ್ಲ. ದೇಸೂರಿನ ಹತ್ತಿರ ರೈಲೊಂದು ಸ್ಟೇಷನ್ನಿನಲ್ಲಿ ನಿಲ್ಲದೆ ಹಾದುಹೋಯಿತು. ಪ್ಲಾಟ್‌ಫಾರ್ಮಿನ ಮೇಲಿದ್ದವರು ಸೆರಗು, ಟೋಪಿ ಹಿಡಿದುಕೊಂಡರು. ಅಷ್ಟು ಹತ್ತಿರ ಬಂದೂ ಒಳಗಿನವರ ಒಂದು ಮುಖವೂ ಸರಿಯಾಗಿ ಕಾಣಲಿಲ್ಲ. ಅಲೂಫ್ ಎಂದರೆ ಇದೇ ಎನಿಸಿತು. ಆ ರೈಲಿನ ಕಿಟಕಿಯಲ್ಲಿ ತಟ್ಟೆಯನ್ನೂ ನಿಘಂಟನ್ನೂ ಮುಂದಿಟ್ಟುಕೊಂಡು ಕುಳಿತಂತೆ ಕಂಡವನು ಯಾರೆಂದು ನಾನು ಎರಡನೆಯ ಸಲ ನೋಡಲು ಹೋಗಲಿಲ್ಲ.

ಮನೆ ಮುಟ್ಟಿದಾಗ ನಾಲ್ಕು ಗಂಟೆ. ಹೆಂಡತಿ ಹೊರಗೆ ಹೋಗಿದ್ದಳು. ಸುಜಾತಾ ಬೆಳಗಿನ ಪಾಳಿ ಮುಗಿಸಿ ಬಂದು ಕುಳಿತಿದ್ದಳು. ಐತವಾರ ಬರುತ್ತಾರೆ ಎಂದೆ. ಮುಖ ಅರಳಿತು, ಆದರೆ ಹೂಂ ಎಂದಳು. ಮುಂದೇನು ಮಾತನಾಡಬೇಕೆಂದು ಬಸ್ಸಿನಲ್ಲಿ ಯೋಚಿಸಿದ್ದೆಲ್ಲ ಮರೆತುಹೋಯಿತು.

"ಊಟ ಆತೇನವಾ?"

"ನಾಕ ಗಂಟೆ ಆತು, ಅಪ್ಪಾ. ಚಾ ಮಾಡ್ತೀನಿ, ಒಳಗ ಬರ್ರಿ."

ಬಹಳ ದಿನಗಳ ಮೇಲೆ ಅಡುಗೆಮನೆಯಲ್ಲಿ ನಿಂತೆ. ನೀರು ಕುದಿಯಿತು. ಸಕ್ಕರೆ ಡಬ್ಬಿ ಕೊಡಿ ಎಂದಳು. ಮೇಲಿನ ಹಲಗೆಯಲ್ಲಿ ನೋಡಿದೆ, ಕೆಳಗಿನದರಲ್ಲಿ ನೋಡಿದೆ, ಅವಲಕ್ಕಿಯ ಡಬ್ಬಿ ತೆಗೆದು ಮುಚ್ಚಿದೆ.

"ನೀವೂ ಇದ ಮನ್ಯಾಗ ಇರ್ತೀರಲ್ಲ?" ಎಂದು ಸುಜಾತಾ ಗೋಡೆಗೆ ಒರಗಿ ನಗತೊಡಗಿದಳು. ಖಾನಾಪುರದವರಿಗೂ ಪರಿಚಯವಿದ್ದ ಆ ನಗುವನ್ನು ನಾನು ಸಕ್ಕರೆ ಹುಡುಕುವುದು ಬಿಟ್ಟು ಕೇಳುತ್ತಾ ನಿಂತೆ. ಚಹಾ ಉಕ್ಕಿ ಒಲೆ ಆರಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.