ಹಾವಗೆಪ್ಪನಿಗೆ ದೇವಿ ಬಂದ ದಿನ

ಅಂದು ಬೆಳಿಗ್ಗೆ ಬೀದರಿನ ಮೇಲೆ ಜಿಟಿಜಿಟಿ ಮಳೆ ಹಿಡಿದಿತ್ತು. ಪೊಲೀಸ್ ಕಾರ್ಯಾಚರಣೆ ಮುಗಿದು ವರುಷವಾಗಿತ್ತು. ಗದ್ದಲದಲ್ಲಿ ಊರು ಬಿಟ್ಟವರು ಮರಳಿ ಬಂದು ಬಾಗಿಲು ತೆರೆದಿದ್ದರು. ಹಾವಗೆಪ್ಪನ ಬಾಗಿಲು ಸದಾ ತೆರೆದೇ ಇತ್ತು, ಒಳಗೆ ಬರುವವರಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನನ್ನು ಹುಡುಕಿಕೊಂಡು ಬರುತ್ತಿದ್ದುದು ಸೊಳ್ಳೆಗಳಷ್ಟೇ. ಅವಾದರೂ ಕಿವಿಯಲ್ಲಿ ಎರಡು ಮಾತಾಡಿಯೇ ಊಟಕ್ಕೆ ಕೂರುತ್ತಿದ್ದವು.

ಮನೆಯಲ್ಲಿದ್ದ ಒಂದೇ ಸೊಳ್ಳೆಪರದೆಯನ್ನು ಪಕ್ಕದ ಮನೆಯ ಕಸ್ತೂರಿಬಾಯಿ ಮೊಮ್ಮಗನ ತೊಟ್ಟಿಲಿಗೆಂದು ಒಯ್ದು ತಿಂಗಳಾಗಿತ್ತು. ಮರಳಿ ಕೇಳಲು ಅವನಿಗೆ ಸಂಕೋಚ. ಹಿಂದಿನ ರಾತ್ರಿ ಸೊಳ್ಳೆಗಳು ಬಂಧುಬಳಗ ಸಮೇತ ಬಂದು ಅವನ ಮುಖವನ್ನು ಕೆಂಜೋಳದ ತೆನೆ ಮಾಡಿಟ್ಟಿದ್ದವು.

ನೀರಿಗೆ ಬಂದವನನ್ನು ಕಂಡು ಕಸ್ತೂರಿಬಾಯಿ ಕೊಡ ಕೆಳಗಿಟ್ಟಳು. “ಕಾಕಾ, ನಿಮಗ ದೇವಿ ಬಂದಾಳ್ರಿ. ಒಳಗ ನಡೀರಿ.”

ಸಿಡುಬಿಗೆ ದೇವಿ ಎಂದೇ ಹೆಸರು. ದೇವಿ ಬಂದ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ, ಆ ಓಣಿಯಲ್ಲಿ ಯಾರೂ ಒಗ್ಗರಣೆ ಹಾಕುವಂತಿಲ್ಲ. ಗಳಿಗೆಯೊಳಗೆ ಬಾಗಿಲಿಗೆ ಬೇವಿನ ತಪ್ಪಲು ಬಂತು, ಮೊಸರನ್ನ ಬಂತು. ಎದುರು ಮನೆಯ ಈರಮ್ಮ ಗಾಳಿ ಬೀಸಲು ಕುಳಿತಳು. ಒಗ್ಗರಣೆಯಿಲ್ಲದ ಬೇಳೆ ಉಂಡ ಗಂಡಸರು ಮೋರೆ ಹುಳ್ಳಗೆ ಮಾಡಿಕೊಂಡೇ ಬಂದು ಕೈಮುಗಿದರು. ನಿಜ ಹೇಳಲೆಂದು ಹಾವಗೆಪ್ಪ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಯಾರೋ ತುತ್ತು ಇಟ್ಟರು. ಮೂರನೆಯ ಸಲ ಅವನೇ ತೆರೆಯಲಿಲ್ಲ. ಎಷ್ಟೋ ದಿನದ ಮೇಲೆ ಮನೆಯಲ್ಲಿ ಮಾತು ಕೇಳಿಸುತ್ತಿತ್ತು. ಪೂಜೆಗೆ ಕುಳಿತಾಗ ಮಾತ್ರ ಅಂಗೈಯ ಲಿಂಗವನ್ನು ನೆಟ್ಟಗೆ ನೋಡಲಾಗಲಿಲ್ಲ.

ಮಧ್ಯಾಹ್ನ ಕಂಪೌಂಡರ್ ಅಬ್ದುಲ ಅಜೀಜ ಬಂದು, ಎಲ್ಲರನ್ನೂ ಹೊರಗೆ ಕಳಿಸಿ, ಕನ್ನಡಕ ಏರಿಸಿ ನೋಡಿದ.

“ಹಾವಗೆಪ್ಪಾ, ಇವು ಮಚ್ಚರ ಕಡಿದ ಗುಳ್ಳಿ. ಅದೂ ಹೆಣ್ಣು ಮಚ್ಚರ. ತತ್ತಿ ಇಡ್ಲಾಕ ಅವಕ್ಕ ನಮ್ಮ ರಕ್ತ ಬೇಕು.”

“ಗೊತ್ತದರಿ ಸಾಹೇಬ್ರ. ಹೊರಗ ಹೇಳಬ್ಯಾಡ್ರಿ.”

ಅಜೀಜ ಮೂಲೆಯಲ್ಲಿದ್ದ ಒಂದೇ ತಾಟು, ಒಂದೇ ಚಾಪೆ ನೋಡಿದ. “ಇವತ್ತ ಕಡೀಲಿಲ್ಲಂದ್ರ ನಾಳಿಗಿ ಮೈ ಸಾಫ್ ಆಗ್ತದ. ಆಗೇನ್ ಮಾಡ್ತಿ?”

“ಕಡೀತಾವ್ರಿ. ಅವು ಒಂದ ದಿನಾನೂ ತಪ್ಪಿಸಿಲ್ಲ.”

ಅಜೀಜ ನಿಟ್ಟುಸಿರಿಟ್ಟು, ಹೊರಗಿನವರಿಗೆ ಹೆದರಬೇಡಿರೆಂದಷ್ಟೇ ಹೇಳಿ ಹೋದ.

ದೀಪ ಹಚ್ಚುವ ಹೊತ್ತು. ಈರಮ್ಮ ನಾಳೆ ಹುಗ್ಗಿ ತರುತ್ತೇನೆಂದು ಎದ್ದು ಹೋಗಿದ್ದಳು. ಹಾವಗೆಪ್ಪ ಅಂಗಿ ಕಳಚಿ, ಕಿಟಕಿ ಅಗಲ ತೆರೆದು, ಬರುವವರ ದಾರಿ ನೋಡುತ್ತ ಮಲಗಿದ.

ಕಸ್ತೂರಿಬಾಯಿ ತಲೆ ತಗ್ಗಿಸಿ ಒಳಗೆ ಬಂದಳು. ಕೈಯಲ್ಲಿ ಒಗೆದು ಮಡಚಿದ ಸೊಳ್ಳೆಪರದೆ. ಮಂದಿಯ ವಸ್ತು ಇಟ್ಟುಕೊಂಡದ್ದಕ್ಕೇ ದೇವಿ ಮುನಿದಳೆಂದು ಅವಳ ಅಳುಕು. ಇಡೀ ಮಧ್ಯಾಹ್ನ ಕೂತು ಒಂದೊಂದು ತೂತನ್ನೂ ಹುಡುಕಿ ಹೊಲಿದಿದ್ದಳು. ತಾನೇ ನಾಲ್ಕು ಮೊಳೆಗೆ ಕಟ್ಟಿ, ಅಂಚನ್ನು ಸುತ್ತಲೂ ಚಾಪೆಯಡಿ ಸಿಕ್ಕಿಸಿದಳು.

“ದೇವಿ ಇಳಿಯೋ ತನಕ ಇದನ್ನ ಬಿಚ್ಚಬ್ಯಾಡ್ರಿ ಕಾಕಾ. ನನ್ನ ಮೊಮ್ಮಗನ ಆಣಿ ಅದ.”

ಕೈಮುಗಿದು, ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡು ಹೋದಳು.