ತಂಗಿ ಇಲ್ಲದ ಅಕ್ಕ

ನಗಬಾರದ ಜಾಗದಲ್ಲೇ ನಗು ಬರುವಂಥ ಪ್ರಸಂಗಗಳು ನನಗೇ ಯಾಕೆ ಗಂಟು ಬೀಳುತ್ತವೋ ತಿಳಿಯದು. ಬೈಲಹೊಂಗಲದ ಒಂದು ಸಣ್ಣ ಕಾಲೇಜಿನಲ್ಲಿ ಹನ್ನೊಂದು ವರ್ಷ ಕನ್ನಡ ಕಲಿಸಿದೆ, ಅತಿಥಿ ಉಪನ್ಯಾಸಕಿಯಾಗಿ. ಒಂದೇ ಮನೆಯಲ್ಲಿ ಹನ್ನೊಂದು ವರ್ಷ ಅತಿಥಿಯಾಗಿ ಉಳಿದವರು, ಮನೆ ಅಳಿಯಂದಿರನ್ನು ಬಿಟ್ಟರೆ, ನಾನೊಬ್ಬಳೇ ಇರಬೇಕು.

ಯಾರಿಗೂ ಬೇಡವಾದದ್ದಕ್ಕೆ ಹುಡುಗಿಯರ ‘ಅಕ್ಕ-ತಂಗಿ ಬಳಗ’ ನನ್ನ ಕೊರಳಿಗೆ ಬಿತ್ತು. ಅದರ ರಿವಾಜು ಇಷ್ಟೇ. ಹೊಸದಾಗಿ ಬಂದ ಪ್ರತಿ ಹುಡುಗಿಗೂ ಮೇಲಿನ ತರಗತಿಯವಳೊಬ್ಬಳು ಅಕ್ಕನಾಗಬೇಕು. ಅಕ್ಕ ತಂಗಿಗೆ ಉಡಿ ತುಂಬುತ್ತಾಳೆ: ಅಕ್ಕಿ, ತೆಂಗಿನಕಾಯಿ, ಐದು ಉತ್ತತ್ತಿ, ಒಂದು ಪೆನ್ನು. ಅಲ್ಲಿಂದ ಮುಂದೆ ಅವಳ ಓದು, ಜ್ವರ, ಅಳು ಎಲ್ಲ ಅಕ್ಕನ ಪಾಲು. ಇಬ್ಬರೂ ಕೂಡಿ ಊರಿಗೆ ಒಂದಿಷ್ಟು ಸೇವೆ ಮಾಡಬೇಕು, ನಾಲ್ಕು ಮಂದಿಯ ಎದುರು ಎದ್ದು ನಿಂತು ಮಾತಾಡಲು ಕಲಿಯಬೇಕು.

ಇಂಥ ಬಳಗ ಕಡೆಗೆ ಒಬ್ಬಳೇ ಹುಡುಗಿಗೆ ಬಂದು ನಿಂತಿತು. ಅವಳಿಗೊಬ್ಬ ತಂಗಿ ಸಿಕ್ಕಿದ್ದರೆ ಬಳಗ ಉಳಿಯುತ್ತಿತ್ತು. ಅದನ್ನು ನೆನೆದರೆ ಈಗಲೂ ಕರುಳು ಚುರ್ ಅನ್ನುತ್ತದೆ. ಆದರೆ ನಗದೆ ಹೇಳಲು ನನ್ನಿಂದ ಆಗುವುದಿಲ್ಲ.

೧. ಎರಡು ನಿಮಿಷ

ದೊಡವಾಡದಿಂದ ಬರುತ್ತಿದ್ದ ಒಬ್ಬ ಹುಡುಗಿ ಹಾಜರಿ ಕರೆದರೂ ಗೋಡೆಗೆ ಉತ್ತರ ಹೇಳುವಂಥವಳು. ಅವಳ ನಾಚಿಕೆ ಬಿಡಿಸಬೇಕೆಂದು ಬಳಗದ ವಾರ್ಷಿಕ ಸಭೆಗೆ ಅವಳನ್ನೇ ಅಧ್ಯಕ್ಷೆ ಮಾಡಿದೆ. ಎಂಟು ದಿನ ಭಾಷಣ ಬಾಯಿಪಾಠವಾಯಿತು. ವೇದಿಕೆಯ ಮೇಲೆ ಮುಖ್ಯ ಅತಿಥಿಗಳು, ಪ್ರಾಚಾರ್ಯರು. ಹುಡುಗಿ ಮೈಕಿನ ಮುಂದೆ ಬಂದಳು, ಬಾಯಿ ತೆರೆದಳು. ಭಾಷಣ ಹಾರಿಹೋಗಿತ್ತು. ಕಣ್ಣು ಮುಚ್ಚಿ, “ಎಲ್ಲಾರೂ ಎದ್ದು ನಿಂದರ್ರಿ” ಅಂದಳು.

ಎಲ್ಲರೂ ಎದ್ದರು. ಅವಳು ತಲೆ ತಗ್ಗಿಸಿದಳು. ಅದನ್ನು ನೋಡಿ ಅತಿಥಿಗಳೂ ತಲೆ ತಗ್ಗಿಸಿದರು, ಸಭೆಯೂ ತಗ್ಗಿಸಿತು. ಎರಡು ನಿಮಿಷ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ “ಕುಂದರ್ರಿ” ಅಂದು ಬಂದು ಕುಳಿತಳು.

ಚಹಾ ಕುಡಿಯುವಾಗ ಅತಿಥಿಗಳು ಅವಳ ಹತ್ತಿರ ಬಂದು ಮೆತ್ತಗೆ ಕೇಳಿದರು, “ಯಾರವ್ವಾ ತೀರ್ಕೊಂಡಿದ್ದು?”

“ನಾನ ರೀ ಸರ್.”

೨. ಕಳೆದುಹೋದ ಆಯಿ

ಮರುವರ್ಷ ಅಕ್ಕನಾದ ಆ ನಾಚಿಕೆಯ ಹುಡುಗಿಗೆ ಸಿಕ್ಕ ತಂಗಿ ಉಗರಗೋಳದವಳು. ಬಾಯಿ ಬಡಕಿ. ಬಳಗದ ಕೊನೆಯ ಹುಡುಗಿ ಅಂದೆನಲ್ಲ, ಇವಳೇ ಅವಳು.

ಹುಣ್ಣಿಮೆಯ ದಿನ ಯಲ್ಲಮ್ಮನ ಗುಡ್ಡದಲ್ಲಿ ಕಳೆದುಹೋದವರನ್ನು ಅವರ ಮಂದಿಗೆ ಮುಟ್ಟಿಸುವ ಸೇವೆಗೆ ಹೋಗಿದ್ದೆವು. ಉಗರಗೋಳದವಳು ನೀರಿನ ಕೊಡ ತರಲು ಕೆಳಗೆ ಹೋಗಿದ್ದಾಗ ಉಳಿದವರಿಗೆ ಒಬ್ಬ ಮುದುಕಿ ಸಿಕ್ಕಳು. ಅತ್ತಿತ್ತ ಹುಡುಕುತ್ತಾ ನಿಂತಿದ್ದಳು. ಹಿಡಿದು ತಂದು ಪೆಂಡಾಲಿನಲ್ಲಿ ಕೂರಿಸಿದರು. ಮೈಕಿನಲ್ಲಿ ಕೂಗಿದರು: “ಹಸರ ಸೀರಿ, ಹಸರ ಬಳಿ, ಹಣಿಗೆ ಭಂಡಾರ ಹಚ್ಚಿಕೊಂಡ ಅಜ್ಜಿ ಸಿಕ್ಕಾರ, ಬಂದು ಕರಕೊಂಡು ಹೋಗ್ರಿ.”

ಆ ಗುಡ್ಡದ ಮೇಲೆ ಹಸಿರು ಸೀರೆ, ಹಸಿರು ಬಳೆ, ಹಣೆಯಲ್ಲಿ ಭಂಡಾರದ ಅರಿಸಿನ ಇಲ್ಲದ ಅಜ್ಜಿ ಯಾರಿದ್ದಾರೆ? ಅರ್ಧ ತಾಸಿನಲ್ಲಿ ಪೆಂಡಾಲಿನ ಮುಂದೆ ಪಾಳಿ ಹತ್ತಿತು. ಒಬ್ಬೊಬ್ಬರೂ ಬಂದು ಮುದುಕಿಯ ಮುಖ ನೋಡಿ, “ನಮ್ಮಾಕಿ ಅಲ್ಲ ಬಿಡ್ರಿ” ಅಂತ ಹೋದರು. ಮುದುಕಿ ಚಹಾ ಕುಡಿದಳು, ಉಪ್ಪಿಟ್ಟು ತಿಂದಳು, ಕಾಲು ಒತ್ತಿಸಿಕೊಂಡಳು. ಅಷ್ಟರಲ್ಲಿ ನೀರು ಹೊತ್ತು ಬಂದ ಉಗರಗೋಳದವಳು ಕೊಡ ಇಳಿಸಿ ಕಿರುಚಿದಳು, “ಈಕಿ ನಮ್ಮ ಆಯಿ ರೀ! ನಾ ಮಾಡೂ ಸೇವಾ ನೋಡಾಕ ಬಾ ಅಂತ ನಾನ ಕರದಿದ್ದೆ!”

“ಆಯಿ, ಮೊದಲ ಹೇಳಬಾರದೇನು?” ಅಂದೆ ಅಜ್ಜಿಗೆ.

“ನಿಮ್ಮ ಹುಡುಗ್ಯಾರು ಹೇಳಾಕ ಬಿಟ್ಟಾರೇನವ್ವಾ? ಕಳದು ಹೋದ್ರ ಇಷ್ಟು ಸುಖ ಐತಿ ಅಂತ ಗೊತ್ತಿದ್ರ, ಎಂದೋ ಕಳದು ಹೋಗಿರ್ತಿದ್ದೆ.”

೩. ಯಾರ ಪೈಕಿ

ಅಕ್ಕ ತನ್ನ ತಂಗಿಯನ್ನು ಒಮ್ಮೆ ಮನೆಗೆ ಊಟಕ್ಕೆ ಕರೆಯಬೇಕೆಂಬುದೂ ರಿವಾಜು. ದೊಡವಾಡದವಳು ಕರೆದಳು, ಜೊತೆಗೆ ನಾನೂ ಹೋದೆ. ದೊಡ್ಡ ಮನೆ. ಕಟ್ಟೆಯ ಮೇಲೆ ಅವಳ ಅಜ್ಜಿ ಕುಳಿತಿದ್ದರು. ಉಗರಗೋಳದವಳನ್ನು ಮೇಲಿಂದ ಕೆಳಗೆ ನೋಡಿ, “ಯಾರ ಪೈಕಿ ಅವ್ವಾ ನೀವು?” ಅಂದರು.

ಅದು ಜಾತಿ ಕೇಳುವ ನಯವಾದ ರೀತಿ ಎಂದು ನಮ್ಮ ಕಡೆ ಕೂಸಿಗೂ ಗೊತ್ತು. ಉಗರಗೋಳದಲ್ಲಿ ಹುಡುಗಿಯ ಮನೆ ಯಾವ ಕೇರಿಯಲ್ಲಿದೆ ಎಂದು ತಿಳಿದರೆ ಆ ಕಟ್ಟೆ ಹತ್ತಗೊಡುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ದೊಡವಾಡದವಳು ನೆಲ ನೋಡಿದಳು. ನಮ್ಮ ಹುಡುಗಿ ಮಾತ್ರ ನೆಟ್ಟಗೆ ನಿಂತು, “ಬಿ.ಎ. ಓದಾವರ ಪೈಕಿ ರೀ ಅಜ್ಜಿ” ಅಂದಳು.

ಅಜ್ಜಿ ಮೊಮ್ಮಗಳ ಕಡೆ ಬೆರಳು ಮಾಡಿ, “ನಮ್ಮ ಮನ್ಯಾಗ ಆ ಪೈಕಿ ಈಕಿ ಒಬ್ಬಾಕಿನ ನೋಡವ್ವಾ. ಬಾ, ರೊಟ್ಟಿ ಬಿಸಿ ಅದಾವು” ಅಂದರು. ಅವರಿಗೆ ತಿಳಿಯಲಿಲ್ಲವೋ, ತಿಳಿದೂ ಬಿಟ್ಟರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಹುಡುಗಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಎಷ್ಟು ಹೇಳಿದರೂ ನಿಲ್ಲಲಿಲ್ಲ. ಬೇರೆ ಮಾತು ತೆಗೆಯೋಣವೆಂದು, “ರೊಟ್ಟಿ ಎಷ್ಟು ತಿಂದಿ?” ಅಂದೆ.

“ಐದು ರೀ ಮೇಡಂ. ಅಂಜಿಕಿಗೆ.”

೪. ಒಬ್ಬಳ ಸಭೆ

ಇಪ್ಪತ್ತೆರಡು ಇದ್ದವರು ಒಂಬತ್ತಾದರು, ಆಮೇಲೆ ನಾಲ್ಕು. ಕೆಲವರು ಧಾರವಾಡದ ಕಾಲೇಜಿಗೆ ಹೋದರು, ಕೆಲವರನ್ನು ಲಗ್ನ ಮಾಡಿ ಕಳಿಸಿದರು. ಬಿ.ಎ.ಗೆ ಹೊಸಬರು ಬರುವುದೇ ನಿಂತಿತು. ಮೂರನೇ ವರ್ಷಕ್ಕೆ ಬಂದಾಗ ಉಗರಗೋಳದವಳು ಒಬ್ಬಳೇ.

ಆದರೂ ಶನಿವಾರದ ಸಭೆ ತಪ್ಪಿಸಲಿಲ್ಲ. ಸ್ವಾಗತ ತಾನೇ ಕೋರಿದಳು, ಓಡಿ ಬಂದು ಬೆಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದಳು, ಮತ್ತೆ ಎದ್ದು ಹೋಗಿ ಅಧ್ಯಕ್ಷೆಯಾದಳು. ನನಗೆ ನಗು ತಡೆಯಲಾಗಲಿಲ್ಲ. “ನಗ್ರಿ ಮೇಡಂ, ನಗ್ರಿ. ನೀವು ನಗಲಿಲ್ಲಂದ್ರ ನಾ ಅಳತೇನಿ” ಅಂದಳು. “ಅಕ್ಕ ನನಗ ಉಡಿ ತುಂಬಿ ನಾಕ ಮಂದಿಯೊಳಗ ತಂದು ನಿಂದರಿಸಿದಳು. ನಾ ಯಾರಿಗೂ ಏನೂ ಕೊಡದ ಹಂಗ ಹೋಗ್ಲೇನು?” ಆ ಮಾತಿಗೆ ನನ್ನ ನಗು ನಿಂತಿತು.

ತಂಗಿಯನ್ನು ಹುಡುಕಿ ತರುತ್ತೇನೆಂದು ಅವಳೇ ಹೊರಟಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಪುಣ್ಯ. ಸವದತ್ತಿಯಲ್ಲಿ ಪಿಯುಸಿ ಮುಗಿಸಿದವರ ಮನೆ ಮನೆ ತಿರುಗಿದಳು. ರಾಮದುರ್ಗದಲ್ಲಿ ಮಗ್ಗದ ಗದ್ದಲದಲ್ಲಿ ಒಬ್ಬ ತಂದೆಗೆ ಹತ್ತು ನಿಮಿಷ ಕೂಗಿ ಕೂಗಿ ಹೆಣ್ಣುಮಕ್ಕಳ ಓದಿನ ಮಹತ್ವ ಹೇಳಿದಳಂತೆ. ಅವರು ಮಗ್ಗ ನಿಲ್ಲಿಸಿ, “ಖರೇ ಐತವ್ವಾ. ನನಗ ಇರೂವು ಎರಡೂ ಗಂಡಮಕ್ಕಳು” ಅಂದರಂತೆ. ಹದಿನೈದು ದಿನ ತಿರುಗಿದರೂ ಒಬ್ಬಳೂ ಸಿಗಲಿಲ್ಲ. ಕಡೆಗೆ ಕಿತ್ತೂರಿನಲ್ಲಿ ಒಬ್ಬ ತಾಯಿಗೆ, “ರಾಣಿ ಆಳಿದ ಊರು ರೀ ಇದು, ಇಲ್ಲಿ ಹೆಣಮಕ್ಕಳ್ನ ಓದಸೂದಿಲ್ಲಂದ್ರ ಹೆಂಗ?” ಅಂದಳು.

ಆ ತಾಯಿ ಪಾತ್ರೆ ತಿಕ್ಕುತ್ತಲೇ ಕೇಳಿದಳಂತೆ, “ರಾಣಿ ಏನ ಬಿ.ಎ. ಮಾಡಿದ್ದಳೇನ?”

೫. ನನ್ನ ಅಕ್ಕ

ಮುಂದಿನ ವರ್ಷ ಮೊದಲನೇ ಬಿ.ಎ. ಇಲ್ಲ ಎಂದು ಕಾಲೇಜಿನಲ್ಲಿ ನೋಟಿಸು ಅಂಟಿಸಿದರು. ಅದರ ಜೊತೆಗೆ ನನ್ನ ಅತಿಥಿತನವೂ ಮುಗಿಯಿತು. ಪರೀಕ್ಷೆಯ ಕೊನೆಯ ದಿನ ಖಾಲಿ ತರಗತಿಯಲ್ಲಿ ನನ್ನ ಪುಸ್ತಕ ಕಟ್ಟುತ್ತಿದ್ದೆ. ಹುಡುಗಿ ಒಂದು ತಾಟು ಹಿಡಿದು ಬಂದಳು.

“ಮೇಡಂ, ಸೆರಗ ಒಡ್ಡ್ರಿ.”

“ಹುಚ್ಚಿ, ಗಂಡ ಹೋದಾಕಿಗೆ ಉಡಿ ತುಂಬೂದಿಲ್ಲವ್ವಾ” ಅಂದೆ. ಅವರು ತೀರಿಹೋಗಿ ಆರು ವರ್ಷ. ಮದುವೆ ಮನೆಗಳಲ್ಲಿ ಉಡಿಯ ಅಕ್ಕಿ ಹೊರಗೆ ಬಂತೆಂದರೆ ನಾನೇ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ, ಯಾರಿಗೂ ಮುಜುಗರ ಆಗದಿರಲಿ ಎಂದು.

“ಬಳಗದ ನಿಯಮ ಬರದಾವರು ಯಾರ್ರಿ?”

“ನಾನ.”

“ಅದರಾಗ ತಂಗಿಗೆ ಗಂಡ ಇರಬೇಕಂತ ಬರದೀರೇನು?”

“ಇಲ್ಲ.”

“ವಯಸ್ಸು?”

“ಇಲ್ಲ.”

“ಹಂಗಾರ ಒಡ್ಡ್ರಿ.”

ಒಡ್ಡಿದೆ. ಅಕ್ಕಿ ಬಿತ್ತು, ಕಾಯಿ ಬಿತ್ತು, ಉತ್ತತ್ತಿ, ಪೆನ್ನು. ಅಕ್ಕಿ ತೋಯುವಷ್ಟು ಅತ್ತೆ. ಅವಳೂ ಅತ್ತಳು, ಆದರೆ ಹಿರಿಯಳಲ್ಲವೇ, ಮೊದಲು ಕಣ್ಣೊರೆಸಿಕೊಂಡಳು. “ಅಳಬ್ಯಾಡ ಸುಮ್ಮನಿರು. ನಾ ಅದೇನಿ” ಅಂದಳು. ಮಾತಿನಿಂದ ‘ರೀ’ ಹೋಗಿತ್ತು. ನಲವತ್ತೊಂಬತ್ತನೇ ವಯಸ್ಸಿಗೆ ನನಗೆ ಇಪ್ಪತ್ತೊಂದರ ಅಕ್ಕ ಸಿಕ್ಕಳು. ಅವತ್ತಿನಿಂದ ದಿನಾ ಮುಂಜಾನೆ ಮೊಬೈಲಿಗೆ ಮೆಸೇಜು ಬರುತ್ತದೆ: ನಾಷ್ಟಾ ಆತೇನು, ಬಿ.ಪಿ. ಗುಳಿಗಿ ತಗೊಂಡಿಯೇನು.

ಜೂನಿನಲ್ಲಿ ಸವದತ್ತಿಯ ಒಂದು ಶಾಲೆಯಲ್ಲಿ ಕೆಲಸಕ್ಕೆ ಸಂದರ್ಶನ ಇತ್ತು. ಆ ಕೆಲಸ ನನಗೆ ಸಿಗಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಉಗರಗೋಳದಿಂದ ಅವಳೂ ಬಂದು ಹೊರಗೆ ಬೆಂಚಿನ ಮೇಲೆ ಬಾಗಿಲಿಗೆ ಕಿವಿಗೊಟ್ಟು ಕುಳಿತಿದ್ದಳು. ಮುಖ್ಯಾಧ್ಯಾಪಕರು, “ಇಷ್ಟು ವರ್ಷ ಇದ್ದ ಕಾಲೇಜು ಯಾಕ ಬಿಟ್ರಿ?” ಅಂದರು. ಉತ್ತರ ಹೇಳಲು ಹೋದೆ. ಒಂದು ಅಕ್ಷರ ಹೊರಡಲಿಲ್ಲ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅವಳು ಒಳಗೇ ಬಂದಳು.

“ನೀವ್ಯಾರವ್ವಾ?”

“ಈಕಿ ಅಕ್ಕ ರೀ ಸರ್.”

ಅವರು ನನ್ನ ಬಿಳಿ ಕೂದಲು ನೋಡಿದರು, ಅವಳ ಹೆರಳು ನೋಡಿದರು, ಚಷ್ಮಾ ತೆಗೆದು ಒರೆಸಿ ಹಾಕಿಕೊಂಡು ಮತ್ತೊಮ್ಮೆ ನೋಡಿದರು.

“ಅಕ್ಕ ಅಂದ್ರ... ದೊಡ್ಡಾಕಿ?”

“ಹೌದ್ರಿ” ಅಂದಳು ಅವಳು, ಕನ್ಯಾ ತೋರಿಸಲು ಬಂದ ಮನೆಯ ಹಿರಿಯಳ ಹಾಗೆ ನನ್ನ ಹೆಗಲ ಮೇಲೆ ಕೈಯಿಟ್ಟು. “ನಮ್ಮ ಹುಡುಗಿ ಭಾಳ ಶಾಣೇಕಿ ಅದಾಳ್ರಿ ಸರ್. ಬರೇ ಹೊಸಬರ ಎದುರು ನಾಚತಾಳ. ನಾಕ ದಿನ ಸಂಬಾಳಿಸ್ಕೊಳ್ರಿ, ಹೊಂದ್ಕೋತಾಳ.”